ಹೊಟ್ಟೆ ಕೆಟ್ಟಾಗ ಕೇಪುಳ ಹೂವಿನ ತಂಬುಳಿ ಉಣ್ಣಬಹುದಾ?

ಬಯಲುಸೀಮೆಯಿಂದ ಮಣಿಪಾಲಕ್ಕೆ ಬಂದು ಬಾಡಿಗೆ ಮನೆ ಮಾಡಿದ್ದೀರಿ. ಹೊಟ್ಟೆ ಕೆಟ್ಟಾಗ ಮನೆ ಮಾಲಕರ ಅಮ್ಮ "ಕೇಪುಳ ಹೂವಿನ ತಂಬುಳಿ ಮಾಡಿ ಉಣ್ಣಿ" ಅಂದರಂತೆ. ಬೇಲಿಯಲ್ಲಿರುವ ಕೆಂಪು ಗೊಂಚಲೇ ಅದಾ, ತಿನ್ನಬಹುದಾ ಅಂತ ಕೇಳಿದ್ದೀರಿ. ಅಜ್ಜಿ ಹೇಳಿದ್ದು ಸರಿ. ಬೇಲಿಯ ಹೂವಿನ ಮೇಲೆ ಮಾತ್ರ ನನಗೆ ಅನುಮಾನ.

ನಮ್ಮ ಕೇಪುಳ ಗುಡ್ಡೆಯ ಗಿಡ. ಮುರಕಲ್ಲಿನ ಸಂದಿಯಲ್ಲಿ, ಯಾರೂ ನೀರು ಹಾಕದಿದ್ದರೂ ಬೆಳೆಯುತ್ತದೆ. ಎದೆಮಟ್ಟದ ಪೊದೆ, ಕಡು ಕೆಂಪು ಹೂವು, ನಾಲ್ಕೇ ಎಸಳು, ಎಸಳಿನ ತುದಿ ಚೂಪು. ಕೆಲವು ಕಡೆ ಕಿಸುಕಾರೆ ಅಂತಾರೆ. ಶಾಸ್ತ್ರೀಯ ಹೆಸರು ಇಕ್ಸೋರಾ ಕಾಕ್ಸಿನಿಯಾ. ಈ 'ಇಕ್ಸೋರಾ' ಬಂದದ್ದು ನಮ್ಮ 'ಈಶ್ವರ'ನಿಂದಲೇ, ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ಕಾಫಿ ಗಿಡಕ್ಕೆ ಇದು ದಾಯಾದಿ. ಭೂತಕೋಲದಲ್ಲಿ ದೈವದ ಅಲಂಕಾರಕ್ಕೂ ಇದೇ ಹೂವು. ಶಾಲೆಯಿಂದ ಬರುವಾಗ ನಾವು ಹೂವಿನ ನಡುವಿನ ಎಳೆ ಎಳೆದು, ಅದರ ತುದಿಯ ಒಂದು ಹನಿ ಜೇನಿಗಾಗಿ ಪೊದೆಯನ್ನೇ ಬೋಳು ಮಾಡುತ್ತಿದ್ದೆವು. ಹಣ್ಣನ್ನೂ ಬಿಡುತ್ತಿರಲಿಲ್ಲ.

ನರ್ಸರಿಯಿಂದ ತಂದು ಬೇಲಿಗೆ ನೆಡುವುದು ಹೆಚ್ಚಾಗಿ ಬೇರೆ ಜಾತಿ, ಇಲ್ಲವೇ ಕುಳ್ಳು ತಳಿ. ಗುಲಾಬಿ, ಹಳದಿ, ಕಿತ್ತಳೆ ಬಣ್ಣದ್ದೂ ಇರುತ್ತದೆ. ಎಷ್ಟೋ ಗಿಡಗಳಲ್ಲಿ ಎಸಳಿನ ತುದಿ ಉರುಟು. ನೋಡಲು ಚೆಂದ, ಅಷ್ಟೇ. ಒಮ್ಮೆ ನಾನೂ ಸೋಮಾರಿತನಕ್ಕೆ ಮಂಗಳೂರಿನ ನಮ್ಮ ಫ್ಲ್ಯಾಟಿನ ಬೇಲಿಯಿಂದಲೇ ಒಂದು ಹಿಡಿ ಕಿತ್ತು ತಂದಿದ್ದೆ. ಬಾಣಲೆಗೆ ಹಾಕುವ ಹೊತ್ತಿಗೆ ಏನೋ ವಾಸನೆ. ವಿಚಾರಿಸಿದರೆ, ಹಿಂದಿನ ದಿನವಷ್ಟೇ ಗಿಡಕ್ಕೆ ಮದ್ದು ಬಿಟ್ಟಿದ್ದರು! ನನಗೆ ಬೇಕಿದ್ದ ಮದ್ದು ಅದಲ್ಲ.

ತಂಬುಳಿ ಸುಲಭ. ಒಂದು ಹಿಡಿ ಹೂವು ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ಸ್ವಲ್ಪ ಕಾಯಿತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆ, ಉಪ್ಪು ಬೆರೆಸಿ. ಮತ್ತೆ ಕುದಿಸಬೇಡಿ. ಕುಚ್ಚಲಕ್ಕಿ ಗಂಜಿಗೆ ಇದು ಸಾಕು. ರುಚಿಯಲ್ಲಿ ತುಸು ಒಗರು. ಭೇದಿಗೆ ಕೊಡುವುದು ಆ ಒಗರಿನ ಗುಣಕ್ಕೇ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಾಟಿ ವೈದ್ಯದಲ್ಲಿ ಆಮಶಂಕೆಗೆ ಹೂವು, ಬೇರು ಎರಡನ್ನೂ ಬಳಸುತ್ತಾರೆ. ಬೇರಿನ ಕಷಾಯದ ತಂಟೆಗೆ ನೀವು ಹೋಗಬೇಡಿ, ಅದರ ಅಳತೆ ಗೊತ್ತಿದ್ದವರಿಗೇ ಇರಲಿ.

ಇನ್ನೊಂದು ಬಳಕೆ ಎಣ್ಣೆ. ಹೂವನ್ನು ತೆಂಗಿನೆಣ್ಣೆಯಲ್ಲಿ ಹಾಕಿ, ಚಟಪಟ ಶಬ್ದ ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿಡುವುದು. ಮಕ್ಕಳ ತಲೆಯ ಹಕ್ಕಳೆಗೆ, ಮೈಯ ತುರಿಕೆಗೆ ಹಚ್ಚುತ್ತಾರೆ. ನಮ್ಮ ಮಗಳಿಗೂ ಹಚ್ಚಿದ್ದೇವೆ. ಕಡಿಮೆಯಾಯಿತು, ಆದರೆ ಅದು ಹೂವಿನಿಂದಲೋ ಬರೀ ತೆಂಗಿನೆಣ್ಣೆಯಿಂದಲೋ, ನಾನು ಆಣೆ ಹಾಕಲಾರೆ. ಕೀವಾದ ಹುಣ್ಣಿಗೆ ಹಚ್ಚಬೇಡಿ.

ಹೊಟ್ಟೆಯದ್ದೂ ಅಷ್ಟೇ. ಒಂದು ದಿನದ ಅಜೀರ್ಣಕ್ಕೆ ತಂಬುಳಿ ಸರಿ. ಜ್ವರ ಬಂದರೆ, ರಕ್ತ ಕಂಡರೆ, ಸಣ್ಣ ಮಕ್ಕಳಿಗೆ ಭೇದಿ ನಿಲ್ಲದಿದ್ದರೆ ಸುಮ್ನೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಹೂವು ಎಲ್ಲಿ ಸಿಗುತ್ತದೆ ಅಂತ ಆ ಅಜ್ಜಿಯನ್ನೇ ಕೇಳಿ, ಹತ್ತಿರದ ಗುಡ್ಡೆ ತೋರಿಸಿಯಾರು. ಬೇಸಿಗೆಯಲ್ಲಿ ಜಾಸ್ತಿ ಸಿಗುತ್ತದೆ. ಕೀಳುವ ಮೊದಲು ಗೊಂಚಲನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಆ ಜೇನಿಗೆ ನಮಗಿಂತ ಮೊದಲೇ ಕೆಂಪಿರುವೆ ಬಂದು ಕೂತಿರುತ್ತದೆ.