ಕೂಡದ ಮೂಳೆ, ಗಿರವಿಗೆ ಹೊರಟ ಸರ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಬಂದವರು ಗೂಡ್ಸ್ ಆಟೊ ಓಡಿಸುವವರು. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದು, ರಾಡ್ ಹಾಕಿಸಿದ್ದರು. 9 ತಿಂಗಳಾದರೂ ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೇ ಇತ್ತು. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಕೊಡ್ತೀವಿ, ಖಂಡಿತ ಕೂಡುತ್ತೆ ಅಂದಿದ್ದರಂತೆ. ಹೆಂಡತಿ ಸರ ಗಿರವಿ ಇಡಲು ತಯಾರು. ಇವರ ತಾಯಿ ಸುತರಾಂ ಒಪ್ಪುತ್ತಿಲ್ಲ. ಮನೆಯಲ್ಲಿ ದಿನಾ ಇದೇ ಜಗಳ.

ಫೋನಿನಲ್ಲಿ ವಿಡಿಯೊ ತೋರಿಸಿ, “ನೋಡಿ ಮೇಡಂ, ಇದೇ ಆ ಟ್ರೀಟ್‌ಮೆಂಟು” ಅಂದರು.

ಅದು ಬೇರೆಯೇ ವಿಷಯ. ವಿಡಿಯೊದಲ್ಲಿದ್ದದ್ದು ಸ್ಪಂಜಿನಂಥ ವಸ್ತು. ಅದರಲ್ಲಿ ಸೇರಿಸಿದ ಪ್ರೋಟೀನು ಮೈಯಲ್ಲಿರುವ ಸ್ಟೆಮ್ ಸೆಲ್‌ಗಳನ್ನೇ ಗಾಯದ ಜಾಗಕ್ಕೆ ಕರೆಯುತ್ತದೆ. ಹೊರಗಿನಿಂದ ಸೆಲ್ ಚುಚ್ಚುವುದೇ ಇಲ್ಲ. ಈ ದಾರಿ ತೆರೆದದ್ದು 1965ರಲ್ಲಿ. ಖನಿಜ ತೆಗೆದ ಮೂಳೆಪುಡಿಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಬೆಳೆಯುತ್ತದೆಂದು ಅಮೆರಿಕದ ಮೂಳೆ ಡಾಕ್ಟರ್ ಮಾರ್ಷಲ್ ಯೂರಿಸ್ಟ್ ಆಗ ತೋರಿಸಿದರು. ಅದಕ್ಕೆ ಕಾರಣವಾದ ಪ್ರೋಟೀನುಗಳಲ್ಲಿ ಒಂದಾದ ಬಿಎಂಪಿ-2 ಅನ್ನು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ, ಗಾಯ ತೆರೆದ ಕಾಲುಮೂಳೆ ಮುರಿತಕ್ಕೆ ಬಳಸಲು ಅಮೆರಿಕ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಇದೆಲ್ಲ ಆಪರೇಷನ್ ಥಿಯೇಟರಿನ ಕೆಲಸ. ಇನ್ನೂ ಹೊಸ ವಸ್ತುಗಳು ಹೆಚ್ಚಾಗಿ ಲ್ಯಾಬಿನಲ್ಲೇ ಇವೆ.

ಇಂಜೆಕ್ಷನ್ ವಿಚಾರ ನೇರವಾಗಿಯೇ ಹೇಳಿದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಇಂಥ ಸ್ಟೆಮ್ ಸೆಲ್ ಚಿಕಿತ್ಸೆ ಇನ್ನೂ ಪ್ರಯೋಗವೇ. ಪ್ರಯೋಗ ಅಂದಮೇಲೆ ದೇಶದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿಯ ಸಿಟಿಆರ್‌ಐ ನಂಬರ್ ಇರಬೇಕು, ರೋಗಿಯಿಂದ ದುಡ್ಡು ಕೇಳಬಾರದು. “ಆ ನಂಬರ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಸರ ಪೆಟ್ಟಿಗೆಯಲ್ಲೇ ಇರಲಿ.”

ಮಾತಿನ ನಡುವೆ ಅವರ ಕಣ್ಣು ಮತ್ತೆಮತ್ತೆ ಬಾಗಿಲಿನತ್ತ ಹೋಗುತ್ತಿತ್ತು. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು. ದಿನಕ್ಕೆ ಎಷ್ಟು ಅಂದರೆ ನಕ್ಕರು, ಉತ್ತರ ಬರಲಿಲ್ಲ. ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಹೊಗೆ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಸರಿಯಾಗಿ ಹೋಗದ ಜಾಗಕ್ಕೆ ಎಂಥ ದುಬಾರಿ ಸ್ಪಂಜು ಇಟ್ಟು ಕರೆದರೂ ಸೆಲ್ ಬರೋದು ಕಷ್ಟ, ಅಲ್ವಾ? ಬೈದರೆ ಬಚ್ಚಿಡುವುದು ಜಾಸ್ತಿಯಾಗುತ್ತದೆ. ಬೀಡಿ ಬಿಡಿಸುವ ಕ್ಲಿನಿಕ್‌ಗೆ ಚೀಟಿ ಬರೆದುಕೊಟ್ಟೆ.

ಮೂಳೆ ಡಾಕ್ಟರ ಹತ್ತಿರ ಮೂರು ವಿಷಯ ಕೇಳಲು ಹೇಳಿದೆ. ಒಳಗೆ ಸೋಂಕು ಇದೆಯಾ, ರಾಡ್ ಸಡಿಲವಾಗಿದೆಯಾ, ಸೊಂಟದ ಮೂಳೆಯಿಂದ ತುಣುಕು ತೆಗೆದು ಕಸಿ ಮಾಡಬಹುದಾ? ಹಳೇ ಪದ್ಧತಿ, ಸೊಂಟ ಕೆಲವು ವಾರ ನೋಯುತ್ತದೆ. ಆದರೆ ಆ ತುಣುಕಿನಲ್ಲಿ ಜೀವಂತ ಸೆಲ್, ಅವನ್ನು ಕರೆಯುವ ಪ್ರೋಟೀನು, ಅವು ಹಬ್ಬಲು ಚೌಕಟ್ಟು, ಎಲ್ಲವೂ ಸಿಗುತ್ತದೆ. ನನ್ನ ಕೇಳಿದರೆ ವಿಡಿಯೊಗಿಂತ ಇದೇ ವಾಸಿ.

“ಕಾಲು ತೆಗೀಬೇಕಾಗುತ್ತಾ?” ಅಂತ ಹೊರಡುವಾಗ ಕೇಳಿದರು. ಅಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಭಯ ಅದು. ಆ ಮಾತನ್ನು ಯಾವ ಡಾಕ್ಟರೂ ಅವರಿಗೆ ಹೇಳಿರಲಿಲ್ಲ. ಮುಂದಿನ ಸಲ ಹೆಂಡತಿಯನ್ನೂ ತಾಯಿಯನ್ನೂ ಕರೆತರಲು ಹೇಳಿದ್ದೇನೆ.