ವೈದ್ಯರನ್ನು ಕೇಳಿ: ಕಣ್ಣಿನ ಹನಿ, ಕಿವಿಯ ಹರಳು, ನಾಡಿಯ ಲೆಕ್ಕ

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ನಾಲ್ಕು ತಿಂಗಳ ಹಿಂದೆ ಗ್ಲಾಕೋಮಾ ಇದೆಯೆಂದು ಗೊತ್ತಾಗಿ, ದಿನಕ್ಕೆರಡು ಬಾರಿ ಎರಡೂ ಕಣ್ಣಿಗೆ ಹನಿ ಹಾಕುತ್ತಿದ್ದೇವೆ. ಈಚೆಗೆ ಅವರಿಗೆ ವಿಪರೀತ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯ ಬಿ.ಪಿ. ಯಂತ್ರದಲ್ಲಿ ರಕ್ತದೊತ್ತಡ ಸರಿಯಾಗಿದ್ದರೂ ನಾಡಿ 48, 50 ಎಂದು ತೋರಿಸುತ್ತಿದೆ. ಯಂತ್ರ ಕೆಟ್ಟಿರಬಹುದೇ? ಪ್ರಾಯದಲ್ಲಿ ಅವರಿಗೆ ಉಬ್ಬಸವಿತ್ತು.
– ಓದುಗರು, ತುಮಕೂರು

ಉತ್ತರ: ಯಂತ್ರವನ್ನು ಅನುಮಾನಿಸುವ ಮೊದಲು ನೀವೇ ಒಮ್ಮೆ ನಾಡಿ ಎಣಿಸಿ ನೋಡಿ. ತಂದೆಯವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಅವರ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ನಿಮ್ಮ ತೋರುಬೆರಳನ್ನೂ ನಡುಬೆರಳನ್ನೂ ಹಗುರವಾಗಿ ಇಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಿದೆ; ಬಡಿತ ನಿಧಾನವಾಗಿದ್ದಾಗ ಅಥವಾ ನಡುನಡುವೆ ತಪ್ಪುತ್ತಿದ್ದಾಗ ಆ ಲೆಕ್ಕವನ್ನು ನಂಬುವಂತಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರವರೆಗೆ ಇರುತ್ತದೆ. ನಿಮ್ಮ ಎಣಿಕೆಯೂ 50ರ ಆಸುಪಾಸಿಗೆ ಬಂದರೆ ಯಂತ್ರ ಸರಿಯಾಗಿಯೇ ಇದೆ ಎಂದರ್ಥ. ಆಗ ನಾನು ಮೊದಲು ಕೈಗೆ ತೆಗೆದುಕೊಂಡು ಓದುವುದು ಆ ಹನಿಯ ಬಾಟಲಿಯನ್ನು.

ಕಣ್ಣಿಗೆ ಹಾಕಿದ ಹನಿಗೂ ಎದೆಬಡಿತಕ್ಕೂ ಎತ್ತಣಿಂದೆತ್ತಣ ಸಂಬಂಧ ಎಂದು ಯಾರಿಗಾದರೂ ಅನಿಸುತ್ತದೆ. ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಮತ್ತು ಮಸೂರದ ನಡುವೆ, ತಿಳಿಯಾದ ದ್ರವವೊಂದು ಸದಾ ಹುಟ್ಟುತ್ತ, ಅಂಚಿನಲ್ಲಿರುವ ಜರಡಿಯಂಥ ಅಂಗಾಂಶದ ಮೂಲಕ ಸದಾ ಬಸಿದು ಹೋಗುತ್ತ ಇರುತ್ತದೆ. ಹುಟ್ಟಿದಷ್ಟು ಬಸಿದು ಹೋದರೆ ಕಣ್ಣೊಳಗಿನ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್‌ಗಳ ಒಳಗೆ ನಿಲ್ಲುತ್ತದೆ. ಬಸಿಯುವ ದಾರಿ ಕಟ್ಟಿಕೊಂಡರೆ ಒತ್ತಡ ಏರಿ, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಇದು ಗ್ಲಾಕೋಮಾ. ಬಹುಪಾಲು ರೋಗಿಗಳಿಗೆ ನೋವಿರುವುದಿಲ್ಲ, ನೋಟ ಅಂಚಿನಿಂದ ಸವೆಯುವುದರಿಂದ ಬಹಳ ಕಾಲ ತಿಳಿಯುವುದೂ ಇಲ್ಲ. ಕಣ್ಣಿನ ಪೊರೆಯನ್ನು ತೆಗೆದು ಮಸೂರ ಕೂರಿಸಿದರೆ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ಆದ್ದರಿಂದಲೇ ಉಳಿದಿರುವುದನ್ನು ಕಾಯಲು ಹನಿ ಬೇಕೇ ಬೇಕು.

ಹೀಗೆ ಬರೆದುಕೊಡುವ ಹನಿಗಳಲ್ಲಿ ಟಿಮೊಲೋಲ್ ಬಹಳ ಹಳೆಯದು, ಅಗ್ಗವಾದದ್ದು, ಪರಿಣಾಮಕಾರಿಯಾದದ್ದು. ಅದು ದ್ರವ ಹುಟ್ಟುವುದನ್ನೇ ತಗ್ಗಿಸುತ್ತದೆ. ಆದರೆ ಅದು ಹೃದಯದ ವೇಗವನ್ನು ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳ ಜಾತಿಗೇ ಸೇರಿದ ಔಷಧ. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕದಲ್ಲಿ, ಕಣ್ಣೀರು ಮೂಗಿಗೆ ಇಳಿಯುವ ನಾಳವಿದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಹನಿಯ ಒಂದು ಭಾಗ ಅದೇ ದಾರಿಯಲ್ಲಿ ಇಳಿದು ಮೂಗಿನ ಒಳಪದರದ ಮೂಲಕ ರಕ್ತ ಸೇರುತ್ತದೆ. ನುಂಗಿದ ಮಾತ್ರೆಯ ಕಸುವನ್ನು ಪಿತ್ತಜನಕಾಂಗ ಮೊದಲೇ ಒಂದಷ್ಟು ತಗ್ಗಿಸುತ್ತದೆ. ಮೂಗಿನಿಂದ ಸೇರಿದ ಔಷಧಕ್ಕೆ ಆ ತಡೆಯಿಲ್ಲ. ಹಾಗಾಗಿ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ನಾಡಿ ಇಳಿಯುತ್ತದೆ. ಉಬ್ಬಸದ ಹಿನ್ನೆಲೆಯಿದ್ದವರಲ್ಲಿ ಶ್ವಾಸನಾಳಗಳು ಬಿಗಿದುಕೊಳ್ಳಬಹುದು. ಉಬ್ಬಸ ಇರುವವರಿಗೆ, ಹಿಂದೆ ಇದ್ದವರಿಗೂ, ಈ ಹನಿಯನ್ನು ಕೊಡಬಾರದೆಂಬುದು ನಿಯಮ. ನಿಮ್ಮ ತಂದೆಯವರ ಏದುಸಿರು ನನ್ನನ್ನು ನಾಡಿಗಿಂತ ಹೆಚ್ಚು ಚಿಂತೆಗೀಡುಮಾಡಿರುವುದು ಈ ಕಾರಣಕ್ಕೆ.

‘ಯಾವ ಯಾವ ಔಷಧ ತೆಗೆದುಕೊಳ್ಳುತ್ತೀರಿ’ ಎಂದು ನಾವು ಕೇಳಿದಾಗ ಜನ ಮಾತ್ರೆಗಳ ಪಟ್ಟಿಯನ್ನಷ್ಟೇ ಒಪ್ಪಿಸುತ್ತಾರೆ, ಕಣ್ಣಿನ ಹನಿಯ ಮಾತೇ ಬರುವುದಿಲ್ಲ. ನಾವು ವೈದ್ಯರೂ ಬಿಡಿಸಿ ಕೇಳುವುದಿಲ್ಲ; ಇದರಲ್ಲಿ ತಪ್ಪು ನಮ್ಮದೇ ಹೆಚ್ಚು. ಈಗ ಮಾಡಬೇಕಾದದ್ದು ಇಷ್ಟು: ಬಾಟಲಿಯ ಮೇಲೆ ಟಿಮೊಲೋಲ್ ಎಂಬ ಹೆಸರು, ಒಂಟಿಯಾಗಿಯೋ ಇನ್ನೊಂದು ಔಷಧದ ಜೊತೆಗೋ, ಇದೆಯೇ ನೋಡಿ. ಇದ್ದರೆ ಇಂದೇ ಕಣ್ಣಿನ ವೈದ್ಯರಿಗೆ ಫೋನ್ ಮಾಡಿ, ಉಬ್ಬಸದ ವಿಷಯವನ್ನೂ ನಾಡಿಯ ಲೆಕ್ಕವನ್ನೂ ತಿಳಿಸಿ, ಮುಂದಿನ ಹನಿ ಹಾಕಬೇಕೇ ಎಂದು ಕೇಳಿ. ಬದಲಿ ಹನಿಗಳಿವೆ, ಲಟಾನೊಪ್ರೋಸ್ಟ್‌ನಂಥವು ದ್ರವ ಹೊರಹೋಗುವುದನ್ನು ಹೆಚ್ಚಿಸುತ್ತವೆ. ಯಾರನ್ನೂ ಕೇಳದೆ ನಿಲ್ಲಿಸಿ ತಿಂಗಳುಗಟ್ಟಲೆ ಸುಮ್ಮನಿದ್ದುಬಿಟ್ಟರೆ ನೋಟ ಹೋಗುತ್ತದೆ. ಒಂದು ಇ.ಸಿ.ಜಿ.ಯೂ ಆಗಲಿ, ಏಕೆಂದರೆ ಈ ವಯಸ್ಸಿನಲ್ಲಿ ನಾಡಿ ಇಳಿಯಲು ಹೃದಯದ್ದೇ ಬೇರೆ ಕಾರಣಗಳಿರಬಹುದು. ಕಣ್ಣು ಕತ್ತಲೆ ಬಂದು ಬೀಳುವಂತಾದರೆ, ಎದೆ ಬಿಗಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಫೋನಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವ ಹನಿಯಾದರೂ ಹಾಕುವ ಕ್ರಮವೊಂದಿದೆ. ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಅಲ್ಲಿ ಉಂಟಾಗುವ ಪುಟ್ಟ ಚೀಲಕ್ಕೆ ಒಂದೇ ಹನಿ ಬಿಡಬೇಕು. ಕಣ್ಣು ಹಿಡಿದಿಟ್ಟುಕೊಳ್ಳುವುದು ಒಂದು ಹನಿಗಿಂತಲೂ ಕಡಿಮೆ, ಎರಡನೆಯದು ಕೆನ್ನೆಗಿಳಿದು ವ್ಯರ್ಥ. ಆಮೇಲೆ ಕಣ್ಣು ಮುಚ್ಚಿ, ಒಳಮೂಲೆಯನ್ನು ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ ಹಿಡಿದರೆ ಔಷಧ ಮೂಗಿಗಿಳಿಯುವುದು ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಕೋಣೆ ಗಿರಗಿರನೆ ಸುತ್ತಿದಂತಾಗಿ ವಾಂತಿ ಬರುತ್ತದೆ; ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಆ ದಿನ ಬಿ.ಪಿ. 156/92 ಇತ್ತೆಂದು ಮಾತ್ರೆ ಶುರುಮಾಡಿದರು. ಮಾತ್ರೆ ತೆಗೆದುಕೊಂಡರೂ ಸುತ್ತು ನಿಂತಿಲ್ಲ.
– ಓದುಗರು, ಶಿರಸಿ

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ಇದು ಬಹುತೇಕ ಒಳಕಿವಿಯ ತೊಂದರೆ. ಒಳಕಿವಿಯಲ್ಲಿ ಕೇಳಿಸಿಕೊಳ್ಳುವ ಬಸವನಹುಳುವಿನಾಕಾರದ ಭಾಗದ ಪಕ್ಕದಲ್ಲೇ, ಮೂರು ದಿಕ್ಕಿಗೆ ಬಾಗಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ಯಾವ ಕಡೆ ತಿರುಗಿತೆಂದು ಮಿದುಳಿಗೆ ತಿಳಿಸುವುದು ಅವುಗಳೊಳಗಿನ ದ್ರವದ ಚಲನೆ. ಅವುಗಳ ಬುಡದಲ್ಲಿರುವ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಕೆಲವು ಹರಳು ಕಳಚಿ ನಾಳದೊಳಗೆ ಸೇರಿದರೆ, ಹೊರಳಿದಾಗಲೆಲ್ಲ ಅವು ದ್ರವವನ್ನು ತಳ್ಳುತ್ತವೆ. ತಲೆ ನಿಂತರೂ ಮಿದುಳಿಗೆ ಇನ್ನೂ ತಿರುಗುತ್ತಿದೆಯೆಂಬ ಸುದ್ದಿ ಹೋಗುತ್ತಿರುತ್ತದೆ.

ಪರೀಕ್ಷೆ ಬಲು ಸರಳ. ವೈದ್ಯರು ರೋಗಿಯ ತಲೆಯನ್ನು ಒಂದು ಕಡೆಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣುಗಳನ್ನು ನೋಡುತ್ತಾರೆ. ಕೆಲವು ಕ್ಷಣಗಳಲ್ಲಿ ಕಣ್ಣುಗುಡ್ಡೆಗಳು ತಾವಾಗಿಯೇ ಮಿಡಿಯತೊಡಗುತ್ತವೆ. ರೋಗ ಕಿವಿಯದು, ಗುರುತು ಸಿಗುವುದು ಕಣ್ಣಿನಲ್ಲಿ. ಯಾವ ನಾಳವೆಂದು ಗೊತ್ತಾದ ಮೇಲೆ ತಲೆಯನ್ನು ಕ್ರಮವಾಗಿ ನಾಲ್ಕೈದು ಭಂಗಿಗಳಲ್ಲಿ ತಿರುಗಿಸಿ ಹರಳುಗಳನ್ನು ಮೊದಲಿನ ಜಾಗಕ್ಕೆ ಉರುಳಿಸುವ ಎಪ್ಲಿ ವಿಧಾನವಿದೆ. ಹಲವರಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ. ಕಿವಿ-ಮೂಗು-ಗಂಟಲು ತಜ್ಞರ ಬಳಿ ಕರೆದೊಯ್ಯಿರಿ.

ಬಿ.ಪಿ.ಯ ವಿಚಾರ ಬೇರೆ. ತಲೆ ಸುತ್ತಿ, ವಾಂತಿಯಾಗಿ, ಹೆದರಿದವರ ರಕ್ತದೊತ್ತಡ ಏರಿಯೇ ಇರುತ್ತದೆ. ತುರ್ತು ಸ್ಥಿತಿಯಿಲ್ಲದಾಗ ಆ ಒಂದೇ ಅಳತೆಯಿಂದ ಬಿ.ಪಿ. ಕಾಯಿಲೆಯೆಂದು ತೀರ್ಮಾನಿಸಬಾರದು. ಅರ್ಧ ಗಂಟೆಯಿಂದ ಕಾಫಿ ಕುಡಿಯದೆ, ಮೂತ್ರ ಕಟ್ಟಿಕೊಳ್ಳದೆ, ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಾಡದೆ ಕೂತ ಮೇಲೆ ಅಳೆಯಬೇಕು. ಹೀಗೆ ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದಿಡಿ. ಮನೆಯ ಅಳತೆಗಳ ಸರಾಸರಿ 135/85ಕ್ಕಿಂತ ಮೇಲಿದೆಯೇ ಎಂಬುದು ವೈದ್ಯರಿಗೆ ಬೇಕು. ಎದ್ದು ನಿಂತು ಮೂರು ನಿಮಿಷದೊಳಗೂ ಒಮ್ಮೆ ಅಳೆಯಿರಿ. ಮೇಲಿನ ಅಂಕಿ 20ರಷ್ಟು ಕುಸಿದರೆ ಎದ್ದಾಗಿನ ತಲೆಸುತ್ತಿಗೆ ಮಾತ್ರೆಯೇ ಕಾರಣವಿರಬಹುದು. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಡೆಯಲಾಗದಿದ್ದರೆ ಅದು ಮಿದುಳಿನ ಆಘಾತದ ಸೂಚನೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ ಅದೇ ದಿನ ತೋರಿಸಬೇಕು.

ಪ್ರಶ್ನೆ: ಮೂರು ವರ್ಷದ ಮಗನಿಗೆ ಶೀತವಾದಾಗಲೆಲ್ಲ ಕಿವಿ ಸೋರುತ್ತದೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಸರಿಯೇ?
– ಓದುಗರು, ಮಂಡ್ಯ

ಉತ್ತರ: ಬೇಡ. ಸೋರುತ್ತಿದೆಯೆಂದರೆ ಕಿವಿಯ ತಮಟೆಯಲ್ಲಿ ತೂತಾಗಿರುವ ಸಾಧ್ಯತೆಯೇ ಹೆಚ್ಚು, ಬಿಟ್ಟ ಎಣ್ಣೆ ನೇರವಾಗಿ ನಡುಗಿವಿಗೆ ಹೋಗುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಶೀತದ ಸೋಂಕು ಸುಲಭವಾಗಿ ಕಿವಿ ಸೇರುವುದು ಹೀಗೆ. ಸ್ನಾನದ ಹೊತ್ತಿಗೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಿಡಿ, ಸ್ನಾನವಾದೊಡನೆ ತೆಗೆಯಿರಿ. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ಬಾಗಿದಂತೆ ಕಂಡರೆ ತಡಮಾಡಬೇಡಿ. ಶೀತದ ಜೊತೆ ಜ್ವರವಿದ್ದರೆ, ಮಗು ಸುಮ್ಮನಿರುವಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಒಂದು ನಿಮಿಷ ಉಸಿರು ಎಣಿಸಿ. ಈ ವಯಸ್ಸಿನಲ್ಲಿ 40 ಅಥವಾ ಹೆಚ್ಚು ಬಂದರೆ ಶ್ವಾಸಕೋಶವನ್ನೂ ಅಂದೇ ಪರೀಕ್ಷಿಸಬೇಕು. ಸೋರುವುದು ನಿಂತ ಮೇಲೂ ಮಗು ಟಿ.ವಿ.ಯ ಸದ್ದು ಏರಿಸುತ್ತಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ತಮಟೆಯ ಹಿಂದೆ ದ್ರವ ಉಳಿದಿರಬಹುದು. ಮಾತು ಕಲಿಯುವ ಈ ವಯಸ್ಸಿನಲ್ಲಿ ಶ್ರವಣ ಪರೀಕ್ಷೆಯನ್ನು ಮುಂದೂಡಬೇಡಿ.