ಓರೆ ಅಕ್ಷರ ಯಾರದು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಕವಿತೆಗಳನ್ನೆಲ್ಲ ಇಟಾಲಿಕ್‌ನಲ್ಲಿ ಹಾಕಿದ್ದೇವೆ, ಓದಲು ಕಣ್ಣು ನೋಯುತ್ತದೆ ಎಂದು ಬರೆದಿದ್ದೀರಿ. ‘ಈ ಓರೆ ಅಕ್ಷರ ನಮಗೆ ಯಾಕೆ, ಇದನ್ನು ಯಾರು ತಂದರು?’ ಎಂದೂ ಕೇಳಿದ್ದೀರಿ. ನಿಮ್ಮ ದೂರು ಸರಿಯಾಗಿದೆ. ಯಾಕೆ ಸರಿ ಎಂದು ಹೇಳಲು ಸ್ವಲ್ಪ ಇಟಲಿಯ ವೆನಿಸ್‌ಗೆ ಹೋಗಿ ಬರಬೇಕು.

1501ರಲ್ಲಿ ಅಲ್ಲಿನ ಮುದ್ರಕ ಆಲ್ಡಸ್ ಮನೂಷಿಯಸ್ ಲ್ಯಾಟಿನ್ ಕವಿ ವರ್ಜಿಲ್‌ನ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕವಾಗಿ ತಂದ. ಹಾಳೆಯನ್ನು ಮೂರು ಸಲ ಮಡಚಿದರೆ 8 ಎಲೆ, 16 ಪುಟ. ಪ್ರಾರ್ಥನೆಯ ಪುಸ್ತಕಗಳು ಈ ಅಳತೆಯಲ್ಲಿ ಮೊದಲೇ ಇದ್ದವು. ಹಳೆಯ ಕವಿಗಳು ಮಾತ್ರ ಹೆಚ್ಚಾಗಿ ಮೇಜಿನ ಮೇಲಿಟ್ಟು ಓದುವ ದೊಡ್ಡ ಗ್ರಂಥಗಳಲ್ಲೇ ಇದ್ದರು, ಸುತ್ತಲೂ ವ್ಯಾಖ್ಯಾನ ಬೇರೆ. ಆಲ್ಡಸ್ ವ್ಯಾಖ್ಯಾನವನ್ನು ಬಿಟ್ಟು ಪದ್ಯವನ್ನಷ್ಟೇ ಓದುಗನ ಕೈಗಿಟ್ಟ. ಇದು ನನಗೆ ತುಂಬಾ ಇಷ್ಟವಾದ ಕೆಲಸ.

ಆ ಪುಸ್ತಕವಿಡೀ ಓರೆ ಅಕ್ಷರದಲ್ಲೇ ಇತ್ತು. ಒಂದು ಮಾತನ್ನು ಒತ್ತಿ ಹೇಳಲು ಇಟಾಲಿಕ್ ಬಳಸುವುದು ಆಮೇಲಿನ ರೂಢಿ. ಆಗಿನ ಇಟಲಿಯ ವಿದ್ವಾಂಸರು ವೇಗವಾಗಿ ಬರೆಯುವಾಗ ಅಕ್ಷರ ತಾನಾಗಿ ವಾಲುತ್ತಿತ್ತು, ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು. ಆ ಕೈಬರಹವನ್ನು ನೋಡಿ ಬೊಲೊನ್ಯಾದ ಫ್ರಾಂಚೆಸ್ಕೊ ಗ್ರಿಫೊ ಅಚ್ಚುಮೊಳೆಗಳ ಎರಕಕ್ಕೆ ಮೂಲವಾಗುವ ಉಕ್ಕಿನ ಪಂಚುಗಳಲ್ಲಿ ಒಂದೊಂದೇ ಅಕ್ಷರ ಕೊರೆದ. ಕೂಡಕ್ಷರಗಳಿಗೂ ಬೇರೆ ಬೇರೆ ಪಂಚು. ದೊಡ್ಡಕ್ಷರಗಳು (ಕ್ಯಾಪಿಟಲ್) ಮಾತ್ರ ನೆಟ್ಟಗೇ ನಿಂತಿದ್ದವು. ಅಂದರೆ ನೆಟ್ಟಗಿನ ಅಕ್ಷರವನ್ನು ಸುಮ್ನೆ ತಳ್ಳಿ ವಾಲಿಸಿದ್ದಲ್ಲ, ಅದು ಬೇರೆಯೇ ಅಕ್ಷರ.

ಗ್ರಿಫೊನ ಕೈಚಳಕವನ್ನು ಆಲ್ಡಸ್ ಆ ಪುಸ್ತಕದಲ್ಲೇ ಹೊಗಳಿದ. ಆದರೆ ಮರುವರ್ಷ ವೆನಿಸ್ ಸರ್ಕಾರ ಆ ಅಕ್ಷರದ ಹಕ್ಕನ್ನು ಕೊಟ್ಟದ್ದು ಆಲ್ಡಸ್‌ಗೆ. ಗ್ರಿಫೊ ಊರು ಬಿಟ್ಟು ಫಾನೊದ ಸೊಂಚಿನೊ ಎಂಬ ಮುದ್ರಕನ ಜೊತೆ ಸೇರಿದ. ಆಲ್ಡಸ್ ಬಳಸಿದ ಅಕ್ಷರಗಳನ್ನೆಲ್ಲ ಕೊರೆದವನು ಇವನೇ ಎಂದು ಸೊಂಚಿನೊ 1503ರಲ್ಲಿ ಅಚ್ಚಿನಲ್ಲೇ ಹೇಳಿದ. ಅಷ್ಟಾದರೂ ಆಯಿತಲ್ಲ ಎನ್ನಿಸುತ್ತದೆ ನನಗೆ.

ನಮ್ಮ ಡಿಟಿಪಿಯವರಿಗೆ ಆಲ್ಡಸ್ ಹೆಸರು ಹೊಸದೇನಲ್ಲ. 1985ರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ತಂದ ಕಂಪನಿ ಇಟ್ಟುಕೊಂಡದ್ದು ಇದೇ ಹೆಸರು. ಇಂಥ ಸಾಫ್ಟ್‌ವೇರ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ಕನ್ನಡವೂ ವಾಲುತ್ತದೆ. ನಾವು ಮಾಡಿದ್ದೂ ಅದನ್ನೇ. ಆಗ ತಲಕಟ್ಟು ಬಲಕ್ಕೆ ಜರುಗುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ. ದುಂಡಗಿನ ‘ಠ’ ಮೊಟ್ಟೆಯ ಹಾಗೆ ಉರುಳುತ್ತದೆ. ಯಾರ ಕೈಯೂ ಹಾಗೆ ಬರೆದಿಲ್ಲ, ಕಣ್ಣು ನೋಯದೆ ಇರುತ್ತದಾ?

ಓಡುವ ಕೈಬರಹದ ಚೆಲುವು ಕನ್ನಡಕ್ಕೂ ಇದೆ. ಹಳೆಯ ಕಡತಗಳ ಮೋಡಿ ಅಕ್ಷರ ನೋಡಿದವರಿಗೆ ಇದು ಗೊತ್ತು. ಅದನ್ನು ಅಚ್ಚಿಗೆ ತರಬೇಕೆಂದರೆ ಗ್ರಿಫೊನಂತೆ ಒಂದೊಂದೇ ಅಕ್ಷರ ಕೂತು ಬರೆಯಬೇಕು. ಅಂಥ ಫಾಂಟ್ ಮಾಡುವವರು ಯಾರಾದರೂ ಇದ್ದರೆ ನಮಗೆ ಬರೆಯಿರಿ. ಮುಂದಿನ ಸಂಚಿಕೆಯಿಂದ ಕವಿತೆಗಳು ನೆಟ್ಟಗಿನ ಅಕ್ಷರದಲ್ಲೇ ಬರುತ್ತವೆ.

— ಸಂಪಾದಕ